ಮಳೆಮನೆಯ ನಟ್ಟು ಬೋಲ್ಟು

ಹಿತ್ತಾಳೆ ಹರಿವಾಣಕ್ಕೆ ನಟ್ಟುಗಳನ್ನು ಸುರಿದ ಸದ್ದು ಕೇಳಿಸಿದರೆ ಸಾಕು, ಅಕ್ಕನ ಮನೆಯಲ್ಲಿ ಯಾರನ್ನೂ ಕರೆಯಬೇಕಾಗಿಲ್ಲ. ಅಡುಗೆಮನೆಯಿಂದ ಒಬ್ಬರು, ಜಗಲಿಯಿಂದ ಒಬ್ಬರು, ಕಂಬಳಿಯೊಳಗಿಂದ ಒಬ್ಬರು ಎದ್ದು ಬಂದು ಮೇಜಿನ ಸುತ್ತ ಕೂರುತ್ತಾರೆ. ಹೊರಗೆ ಆಟಿ ತಿಂಗಳ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಬೀಳುತ್ತಿರುತ್ತದೆ. ಆ ಮೊರೆತದ ನಡುವೆಯೂ ಈ ಸದ್ದು ಬೇರೆಯಾಗಿ ಕೇಳಿಸುತ್ತದೆ. ಒಣಗಿದ ಕಾಫಿ ಬೀಜವನ್ನು ಮೊರಕ್ಕೆ ಸುರಿದ ಹಾಗೆ, ಆದರೆ ಅದಕ್ಕಿಂತ ತುಸು ಚೂಪಾಗಿ, ತುಸು ತಣ್ಣಗೆ.

ಮಡಿಕೇರಿಯಿಂದ ಮಾದಾಪುರದ ಕಡೆಗೆ ಹೋಗುವ ದಾರಿಯಲ್ಲಿ, ಕಾಫಿ ತೋಟದ ಏರಿನ ಮೇಲಿದೆ ಆ ಮನೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ಮಳೆ ರಜೆ ಘೋಷಿಸುತ್ತಾರೆ. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುವುದೆಂದು ಯಾರೂ ಕೇಳುವುದಿಲ್ಲ. ಟಿ.ವಿ. ಕುರುಡು, ಮೊಬೈಲಿಗೆ ಸಿಗ್ನಲ್ ಇಲ್ಲ. ಬಟ್ಟೆ ಒಣಗಲು ಒಲೆಯ ಮೇಲಿನ ಅಟ್ಟವೇ ಗತಿ. ಇಂಥ ದಿನಗಳಲ್ಲಿ ಮನೆಯ ಬದುಕೆಲ್ಲ ಒಂದು ಮೇಜು, ಒಂದು ಲಾಟೀನಿನ ಬೆಳಕಿನ ವೃತ್ತದೊಳಗೆ ಬಂದು ಸೇರುತ್ತದೆ.

ನಟ್ಟು ಬೋಲ್ಟಿನ ಪೆಟ್ಟಿಗೆ ಆ ಮೇಜಿಗೆ ಬಂದದ್ದಕ್ಕೆ ಒಂದು ಕಾರಣವಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲದ ಸೀಮೆಯ ಗುಡ್ಡಗಳು ಜಾರಿದವು. ಅಕ್ಕನ ಮನೆಗೆ ಏನೂ ಆಗಲಿಲ್ಲ. ಆದರೆ ಎದುರಿನ ಗುಡ್ಡದ ಮೈಯಲ್ಲಿ ರಾತ್ರೋರಾತ್ರಿ ಎದ್ದ ಕೆಂಪು ಗಾಯವನ್ನು ಅವಳ ಮಗಳು ನೋಡಿದಳು. ಆಗ ಏಳು ವರ್ಷದವಳು. ಮುಂದಿನ ಮಳೆಗಾಲದಲ್ಲಿ ಹೆಂಚಿನ ಸದ್ದು ಜೋರಾದಾಗಲೆಲ್ಲ ಅವಳು ಕಿಟಕಿಗೆ ಹೋಗಿ ಗುಡ್ಡವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಮೈಸೂರಿನಿಂದ ಹೊರಟ ನಾನು ಅವಳ ಕೈಗೆ ಏನಾದರೂ ಕೆಲಸ ಕೊಡಬೇಕೆಂದು ಅಂಗಡಿಯಲ್ಲಿ ಹುಡುಕಿದೆ. ಸಿಕ್ಕಿದ್ದು ಮೆಕ್ಯಾನಿಕ್ಸ್ ಎಂಬ ಪೆಟ್ಟಿಗೆ. ತೂತು ಕೊರೆದ ಲೋಹದ ಪಟ್ಟಿಗಳು, ಗಾಲಿಗಳು, ಸರಳುಗಳು, ಒಂದು ಪುಟ್ಟ ಸ್ಕ್ರೂಡ್ರೈವರ್, ಒಂದು ತಗಡಿನ ಸ್ಪ್ಯಾನರ್. ನಮ್ಮ ದೇಶದಲ್ಲೇ ತಯಾರಾಗುವ ಈ ಪೆಟ್ಟಿಗೆಯನ್ನು ಇಂದು ನಲವತ್ತು ದಾಟಿದ ಎಷ್ಟೋ ಜನ ತಮ್ಮ ಬಾಲ್ಯದಲ್ಲಿ ಕಂಡಿರುತ್ತಾರೆ. ನನ್ನ ಪಾಲಿಗೆ ಅದು ಪಕ್ಕದ ಮನೆಯ ಹುಡುಗನ ಪೆಟ್ಟಿಗೆಯಾಗಿತ್ತು. ಮುಟ್ಟಲು ಸಿಗುತ್ತಿದ್ದುದು ಭಾನುವಾರಗಳಲ್ಲಿ ಮಾತ್ರ.

ಆ ಹುಡುಗಿಗೆ ಈಗ ಹದಿಮೂರು. ತಮ್ಮನಿಗೆ ಒಂಬತ್ತು. ಒಂದಿದ್ದ ಪೆಟ್ಟಿಗೆ ಈಗ ನಾಲ್ಕಾಗಿ, ಎಲ್ಲ ಬೆರೆತು ಒಂದು ಹಳೆಯ ಟ್ರಂಕಿನಲ್ಲಿ ಕೂತಿವೆ.

ಟ್ರಂಕು ಅಜ್ಜನದು. ಭಾವನ ಅಪ್ಪ. ಸೇನೆಯ ಇ.ಎಂ.ಇ. ದಳದಲ್ಲಿ, ಎಂದರೆ ಕೈಗಡಿಯಾರದಿಂದ ಹಿಡಿದು ಟ್ಯಾಂಕಿನವರೆಗೆ ಕೆಟ್ಟದ್ದನ್ನೆಲ್ಲ ರಿಪೇರಿ ಮಾಡುವ ದಳದಲ್ಲಿ, ಹವಾಲ್ದಾರರಾಗಿದ್ದು ನಿವೃತ್ತರಾದವರು. ಸಿಕಂದರಾಬಾದಿನಲ್ಲಿ ತರಬೇತಿ. ಊರಿಗೆ ಬಂದ ಮೇಲೆ ತೋಟದ ಮೋಟಾರು, ಸ್ಪ್ರೇಯರು, ಪಕ್ಕದ ಮನೆಯ ಕಾಫಿ ಪಲ್ಪರ್ ಎಲ್ಲ ಇವರ ಕೈಯಲ್ಲೇ. ಅಜ್ಜನ ಬೆರಳುಗಳು ದಪ್ಪ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಗ್ರೀಸಿನ ಗೆರೆ. ಆ ಬೆರಳುಗಳಿಗೆ ಈ ಪುಟ್ಟ ನಟ್ಟು ಸಿಗುವುದು ಕಷ್ಟ ಅಂದುಕೊಂಡಿದ್ದೆ. ಅವರು ನಟ್ಟನ್ನು ನಡುಬೆರಳ ತುದಿಗೆ ಎಂಜಲು ಹಚ್ಚಿ ಅಂಟಿಸಿಕೊಂಡು, ಕಣ್ಣಿಗೆ ಕಾಣದ ಸಂದಿಗೆ ಬೆರಳು ತೂರಿಸಿ, ಅತ್ತಣಿಂದ ಬೋಲ್ಟು ತಿರುಗಿಸಿ ಕೂರಿಸಿದ್ದನ್ನು ನೋಡಿದ ಮೇಲೆ ಸುಮ್ಮನಾದೆ.

ಪಟ್ಟಿಗಳಿಗೆ ಪೆಟ್ಟಿಗೆಯ ಕಾಗದದಲ್ಲಿ ನಂಬರುಗಳಿವೆ. ಮನೆಯಲ್ಲಿ ಯಾರೂ ಆ ನಂಬರು ಹೇಳುವುದಿಲ್ಲ. ತೂತು ಎಣಿಸಿ ಕರೆಯುತ್ತಾರೆ: ‘ಐದರದ್ದು ಕೊಡು’, ‘ಹನ್ನೊಂದರದ್ದು ಇನ್ನೊಂದಿತ್ತಲ್ಲ?’ ಬಗ್ಗಿದ ತುಂಡಿಗೆ ಅಜ್ಜಿ ಇಟ್ಟ ಹೆಸರು ಮೊಣಕೈ. ವಾಷರಿಗೆ ಬಳೆ. ಅಗಲ ತಗಡಿಗೆ ಹಲಗೆ. ಹೊಸದಾಗಿ ಬಂದವರಿಗೆ ಮೊದಲ ಹತ್ತು ನಿಮಿಷ ಏನೂ ಅರ್ಥವಾಗುವುದಿಲ್ಲ. ಆಮೇಲೆ ಅದೇ ಸರಿ ಅನ್ನಿಸತೊಡಗುತ್ತದೆ.

ಈ ತೂತುಗಳ ಕತೆ ಹಳೆಯದು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬ ಗುಮಾಸ್ತರೊಬ್ಬರು ತಮ್ಮ ಗಂಡುಮಕ್ಕಳಿಗೆ ಆಟದ ಕ್ರೇನು ಮಾಡಿಕೊಡಲು ತಾಮ್ರದ ತಗಡನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಉದ್ದಕ್ಕೂ ತೂತು ಕೊರೆದರು. ಹೊಸ ಆಟಿಕೆಗೆ ಪ್ರತಿಸಲವೂ ಹೊಸ ತುಂಡು ಕತ್ತರಿಸುವ ಬದಲು, ಯಾವ ಆಟಿಕೆಗೂ ಒದಗುವ ಒಂದೇ ಬಗೆಯ ತುಂಡು ಇದ್ದರೆ ಹೇಗೆ ಎಂಬುದು ಅವರ ಯೋಚನೆ. 1901ರಲ್ಲಿ ಪೇಟೆಂಟ್ ಪಡೆದರು. 1907ರಲ್ಲಿ ಅದಕ್ಕೆ ಮೆಕಾನೊ ಎಂದು ಹೆಸರಾಯಿತು. ಮೆಕಾನೊ ಪಟ್ಟಿಯಲ್ಲಿ ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರ್. ಎಲ್ಲ ಪಟ್ಟಿಗಳಲ್ಲೂ ಅಷ್ಟೇ. ಹಾಗಾಗಿ ತಾತನ ಪೆಟ್ಟಿಗೆಯ ತುಂಡಿಗೆ ಮೊಮ್ಮಗನ ಪೆಟ್ಟಿಗೆಯ ತುಂಡು ಹೊಂದುತ್ತದೆ. 1934ರ ಸುಮಾರಿಗೆ ಮ್ಯಾಂಚೆಸ್ಟರಿನಲ್ಲಿ ಡಗ್ಲಸ್ ಹಾರ್ಟ್ರೀ ಎಂಬ ಪ್ರಾಧ್ಯಾಪಕರು ಮತ್ತು ಅವರ ವಿದ್ಯಾರ್ಥಿ ಆರ್ಥರ್ ಪೋರ್ಟರ್ ಇದೇ ಮಕ್ಕಳ ಆಟಿಕೆಯ ತುಂಡುಗಳಿಂದ ಕ್ಲಿಷ್ಟವಾದ ಸಮೀಕರಣಗಳನ್ನು ಬಿಡಿಸುವ ಯಂತ್ರವನ್ನೇ ಕಟ್ಟಿದರು. ನಾನು ಇದನ್ನು ಹೇಳಿದಾಗ ಹುಡುಗಿ ನಂಬಿದಳು. ಹುಡುಗ, ‘ಅದಕ್ಕೆ ಎಷ್ಟು ನಟ್ಟು ಬೇಕಾಯ್ತು ಮಾವ?’ ಎಂದ. ನನಗೆ ಗೊತ್ತಿರಲಿಲ್ಲ.

ಅಜ್ಜ ಕಲಿಸುವುದು ಕಡಿಮೆ. ನೋಡುತ್ತ ಕೂರುತ್ತಾರೆ. ತಪ್ಪಾಗುವವರೆಗೆ ಕಾಯುತ್ತಾರೆ. ಹುಡುಗ ಮೊದಲು ಮಾಡುತ್ತಿದ್ದ ತಪ್ಪು ಎಲ್ಲರೂ ಮಾಡುವಂಥದ್ದೇ: ಮೊದಲ ಬೋಲ್ಟನ್ನೇ ಬಲವಾಗಿ ಬಿಗಿದುಬಿಡುವುದು. ನಾಲ್ಕನೆಯ ಮೂಲೆಗೆ ಬರುವಷ್ಟರಲ್ಲಿ ತೂತಿಗೆ ತೂತು ಕೂರುವುದಿಲ್ಲ. ಒಂದು ಕೂದಲೆಳೆ ಆಚೆ.

‘ಅಜ್ಜಾ, ಇದು ಕೂರ್ತಾ ಇಲ್ಲ.’

‘ಎಲ್ಲಾ ಲೂಸ್ ಮಾಡು ಮಗಾ.’

‘ಎಲ್ಲಾನಾ?’

‘ಎಲ್ಲಾ. ಬೆರಳಲ್ಲಿ ತಿರುಗಿಸುವಷ್ಟೇ ಬಿಗಿ ಇರಲಿ. ಎಲ್ಲ ಬೋಲ್ಟೂ ಒಳಗೆ ಹೋದ ಮೇಲೆ ಸ್ಪ್ಯಾನರ್ ಹಿಡಿ. ಒಂದು ಇಲ್ಲಿ ಬಿಗಿದರೆ ಮುಂದಿನದು ಎದುರು ಮೂಲೆದು.’

ಕಾರಿನ ಚಕ್ರ ಕೂರಿಸುವಾಗಲೂ ಹೀಗೇ ಅಲ್ಲವೇ ಎಂದು ಆಮೇಲೆ ನನಗೆ ಹೊಳೆಯಿತು. ಐವತ್ತು ವರ್ಷ ಬೋಲ್ಟು ಮುಟ್ಟಿದ ಕೈ ಅದನ್ನು ಬೇರೆ ಬೇರೆ ಪಾಠ ಎಂದು ಎಣಿಸುವುದೇ ಇಲ್ಲ.

ಇನ್ನೊಂದು ಸಂಜೆ ನಾಲ್ಕು ಪಟ್ಟಿ ಜೋಡಿಸಿ ಚೌಕ ಮಾಡಿಸಿದರು. ಬಲವಾಗಿ ಬಿಗಿದಿದ್ದರೂ ಮೂಲೆ ಹಿಡಿದು ಒತ್ತಿದರೆ ಚೌಕ ವಾಲುತ್ತದೆ, ಓರೆಯಾಗಿ ಮಲಗುತ್ತದೆ. ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಹಾಕಿಸಿದರು. ಈಗ ಒತ್ತು ಅಂದರು. ಹುಡುಗಿ ಒತ್ತಿದಳು, ಹುಡುಗ ಒತ್ತಿದ, ನಾನೂ ಒತ್ತಿದೆ. ಜಗ್ಗಲಿಲ್ಲ. ಹುಡುಗಿ ತಲೆಯೆತ್ತಿ ಅಟ್ಟದ ಮೇಲಿನ ಜಂತಿ, ತೊಲೆಗಳನ್ನು ನೋಡಿದಳು. ಅಲ್ಲೂ ಮೂಲೆಗೆ ಮೂಲೆಗೆ ಓರೆಗಂಬ. ಬಹಳ ಹೊತ್ತು ನೋಡುತ್ತಲೇ ಇದ್ದಳು. ಮಳೆ ಜೋರಾಗಿತ್ತು. ಅವಳು ಕಿಟಕಿಯ ಕಡೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಅದನ್ನು ನೋಡಿದಳು. ಅವಳು ನೋಡಿದ್ದನ್ನು ನಾನು ನೋಡಿದೆ.

ಅವರು ಕಟ್ಟಿದವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಸೇತುವೆ. ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಹೋಗುವಾಗ ಅರಂಬೂರು ಸಿಗುತ್ತದೆ. ಅಲ್ಲಿ ಪಯಸ್ವಿನಿ ನದಿಗೆ 1989ರಲ್ಲಿ ಸುಳ್ಯದ ಗಿರೀಶ್ ಭಾರದ್ವಾಜರು ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಆಮೇಲೆ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿ, ಮಳೆಗಾಲದಲ್ಲಿ ಹೊಳೆಯ ಆಚೆಗೇ ಉಳಿದುಹೋಗುತ್ತಿದ್ದ ಊರುಗಳನ್ನು ಈಚೆಗೆ ತಂದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಕ್ಕಳು ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮದ ತೂಗುಸೇತುವೆಯ ಮೇಲೆ ನಡೆದಿದ್ದರು. ಕಾಲಡಿ ತೂಗಿದ್ದು ನೆನಪಿತ್ತು. ಅದನ್ನೇ ಮೇಜಿನ ಮೇಲೆ ಕಟ್ಟುವ ಹಟ.

ಎರಡು ಗೋಪುರ ಎದ್ದವು. ಓರೆಪಟ್ಟಿ ಹಾಕುವುದು ಈಗ ಹೇಳಿಕೊಡಬೇಕಾಗಿರಲಿಲ್ಲ. ಗೋಪುರದಿಂದ ಗೋಪುರಕ್ಕೆ ದಾರ ಕಟ್ಟಿ, ಅದರಿಂದ ಸಣ್ಣ ಸಣ್ಣ ದಾರ ಇಳಿಬಿಟ್ಟು, ಕೆಳಗೆ ಪಟ್ಟಿಗಳ ದಾರಿ ತೂಗಿಸಿದರು. ಮೇಲೆ ಒಂದು ಆಟಿಕೆ ಜೀಪು ಇಟ್ಟದ್ದೇ ತಡ, ಎರಡೂ ಗೋಪುರಗಳು ಒಂದನ್ನೊಂದು ನೋಡಿ ಒಳಕ್ಕೆ ಬಾಗಿ ಬಿದ್ದವು. ಮತ್ತೆ ಕಟ್ಟಿದರು, ಮತ್ತೆ ಬಿದ್ದವು. ಗೋಪುರದ ಬುಡ ಅಗಲ ಮಾಡಿದರು, ಆಗಲೂ ಬಿದ್ದವು. ಅಜ್ಜ ಬಾಯಿ ಬಿಡಲಿಲ್ಲ. ಎದ್ದು ಹೋಗಿ ಜಗಲಿಯಲ್ಲಿ ಟಾರ್ಪಾಲು ಕಟ್ಟಿದ ಹಗ್ಗವನ್ನು ಒಮ್ಮೆ ಎಳೆದು ನೋಡಿ ಬಂದು ಕೂತರು, ಅಷ್ಟೇ. ಹುಡುಗಿಯೂ ಎದ್ದು ಹೋಗಿ ನೋಡಿದಳು. ಹಗ್ಗ ಕಂಬದ ತುದಿಗೆ ನಿಂತಿರಲಿಲ್ಲ, ಅದರ ಮೇಲೆ ಹಾದು ಆಚೆ ನೆಲದ ಗೂಟಕ್ಕೆ ಹೋಗಿತ್ತು. ಒಳಗೆ ಬಂದು ದಾರವನ್ನು ಗೋಪುರದ ತಲೆ ದಾಟಿಸಿ, ಮೇಜಿನ ಆ ತುದಿಗೆ ಅರೆಯುವ ಕಲ್ಲು, ಈ ತುದಿಗೆ ಇಸ್ತ್ರಿಪೆಟ್ಟಿಗೆ ಇಟ್ಟು ಬಿಗಿದಳು. ಜೀಪು ನಿಂತಿತು. ಅದಕ್ಕೆ ಎರಡು ಕಿತ್ತಳೆ ಹಣ್ಣು ಹೇರಿದರು, ಆಗಲೂ ನಿಂತಿತು. ಆ ಸೇತುವೆ ಎಂಟು ದಿನ ಮೇಜಿನ ಮೇಲಿತ್ತು. ನಾವು ಚಾಪೆ ಹಾಸಿ ಕೆಳಗೆ ಊಟ ಮಾಡಿದೆವು.

ಪ್ಲಾಸ್ಟಿಕ್ ಮಾದರಿಗಳನ್ನು ಗೋಂದು ಹಾಕಿ ಅಂಟಿಸುತ್ತಾರೆ. ಅಂಟಿದ ಮೇಲೆ ಅದು ಗಾಜಿನ ಕಪಾಟಿಗೆ ಸೇರುತ್ತದೆ. ಅದರ ಚೆಲುವೇ ಬೇರೆ, ಅದನ್ನು ಕೀಳು ಮಾಡುವುದಿಲ್ಲ. ಆದರೆ ನಟ್ಟು ಬೋಲ್ಟಿನ ಗುಣವೆಂದರೆ ಅದು ಬಿಚ್ಚಿಕೊಳ್ಳುತ್ತದೆ. ಎಡಕ್ಕೆ ನಾಲ್ಕು ಸುತ್ತು ತಿರುಗಿಸಿದರೆ ತಪ್ಪೆಲ್ಲ ಬಿಡಿ ಬಿಡಿ ತುಂಡಾಗಿ ಹರಿವಾಣಕ್ಕೆ ಮರಳುತ್ತದೆ. ಒಂಬತ್ತು ವರ್ಷದ ಹುಡುಗನಿಗೆ ಇದು ದೊಡ್ಡ ನೆಮ್ಮದಿ ಎಂದು ನನಗೆ ಕಂಡಿದೆ. ಶಾಲೆಯ ಪುಸ್ತಕದಲ್ಲಿ ಕೆಂಪು ಗೆರೆ ಬಿದ್ದರೆ ಮುಖ ಸಣ್ಣದಾಗಿಸುವವನು ಇಲ್ಲಿ ಬಿದ್ದ ಗೋಪುರವನ್ನು ನೋಡಿ ‘ಆಯ್ತು, ಬಿಚ್ಚು’ ಅನ್ನುತ್ತಾನೆ.

ಕೊಡಗಿನ ಮಳೆಗಾಲಕ್ಕೂ ಲೋಹಕ್ಕೂ ಹಗೆ. ತೇವ ಗೋಡೆಯಲ್ಲಿ ನಿಂತಿರುತ್ತದೆ, ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಪಟ್ಟಿಯ ಬಣ್ಣ ಎಲ್ಲಿ ಸುಲಿದಿದೆಯೋ ಅಲ್ಲಿ ಮರುವಾರವೇ ತುಕ್ಕಿನ ಕಂದು ಚುಕ್ಕೆ. ಅದನ್ನು ಕಾಯುವುದು ಅಜ್ಜಿಯ ಪಾಲು. ಆಟ ಮುಗಿದ ಮೇಲೆ ತುಂಡುಗಳನ್ನು ಒಲೆಯ ಬದಿಯ ಬಿಸುಪಿಗಿಟ್ಟು, ಹಳೆಯ ಪಂಚೆಯ ತುಂಡಿಗೆ ಎರಡು ಹನಿ ಹೊಲಿಗೆಯಂತ್ರದ ಎಣ್ಣೆ ಹಾಕಿ ಒಂದೊಂದನ್ನೇ ಒರೆಸುತ್ತಾರೆ. ಮೊದಲು ಕೊಬ್ಬರಿ ಎಣ್ಣೆ ಹಾಕುತ್ತಿದ್ದರಂತೆ. ಅದು ಕೆಲವು ದಿನಕ್ಕೆ ಜಿಗುಟಾಗಿ ನಟ್ಟು ತಿರುಗದಾಯಿತು, ಬಿಟ್ಟರು. ಟ್ರಂಕಿನೊಳಗೆ ಒಂದು ಬಟ್ಟೆಗಂಟಿನಲ್ಲಿ ಒಣ ಇದ್ದಿಲೂ ಇದೆ, ತೇವ ಹೀರಲು.

ಅಜ್ಜಿ ಮೇಜಿಗೆ ಕೂತದ್ದು ಬೇರೊಂದು ಬಗೆಯ ಪೆಟ್ಟಿಗೆಯಿಂದ. ಹುಡುಗಿಯ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ ಉಡುಗೊರೆ: ಪೋಸ್ಟ್‌ಕಾರ್ಡಿಗಿಂತ ತುಸು ದೊಡ್ಡದಾದ ತೆಳು ಉಕ್ಕಿನ ಹಾಳೆಗಳು. ಅದರಲ್ಲಿ ಲೇಸರಿನಿಂದ ಕೊರೆದ ನೂರಾರು ಚೂರು. ಕತ್ತರಿಸಿ, ಬಾಗಿಸಿ, ಒಂದರ ನಾಲಗೆಯನ್ನು ಇನ್ನೊಂದರ ಸೀಳಿಗೆ ತೂರಿಸಿ, ಆಚೆ ಕಡೆ ಮಡಿಸಬೇಕು ಇಲ್ಲವೇ ತಿರುಚಬೇಕು. ಅಂಟೂ ಇಲ್ಲ, ಬೋಲ್ಟೂ ಇಲ್ಲ. ಮುಗಿದರೆ ಅಂಗೈಯಲ್ಲಿ ಕೂರುವ ರೈಲು ಎಂಜಿನು. ಇದರಲ್ಲಿ ಬಿಚ್ಚುವ ಮಾತಿಲ್ಲ. ಆ ನಾಲಗೆಯನ್ನು ಒಮ್ಮೆ ಮಡಿಸಬಹುದು, ತಪ್ಪಾದರೆ ಒಮ್ಮೆ ನೆಟ್ಟಗೆ ಮಾಡಬಹುದು. ಮೂರನೆಯ ಸಲಕ್ಕೆ ಅದು ಬುಡದಲ್ಲೇ ಮುರಿದು ಕೈಗೆ ಬರುತ್ತದೆ. ಬಾಗಿದ ಜಾಗದಲ್ಲಿ ಲೋಹ ಪೆಡಸಾಗುತ್ತ ಹೋಗುತ್ತದೆ. ತಂತಿಯನ್ನು ಹಿಂದೆ ಮುಂದೆ ಆಡಿಸಿ ತುಂಡರಿಸುತ್ತೇವಲ್ಲ, ಅದೇ.

ಅಜ್ಜನ ಬೆರಳು ಇಲ್ಲಿ ನಡೆಯಲಿಲ್ಲ. ಭಾವನದೂ ಇಲ್ಲ. ಹುಡುಗಿ ಮೂರು ನಾಲಗೆ ಮುರಿದು ಅಳುವ ಹಂತಕ್ಕೆ ಬಂದಿದ್ದಳು. ಒಲೆಯ ಬಳಿ ಕಾಳುಮೆಣಸು ಆರಿಸುತ್ತಿದ್ದ ಅಜ್ಜಿ ಕೈ ಒರೆಸಿಕೊಂಡು ಬಂದು, ಕನ್ನಡಕ ಏರಿಸಿ, ‘ತಾ ಇಲ್ಲಿ’ ಎಂದರು. ಅರವತ್ತು ವರ್ಷ ಮಲ್ಲಿಗೆ ಕಟ್ಟಿದ, ಅಕ್ಕಿಯ ಕಲ್ಲು ಆರಿಸಿದ, ಸರದ ಹರಳು ಪೋಣಿಸಿದ ಕೈ. ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಒಂದೇ ಸಲಕ್ಕೆ ಮಡಿಸಿದರು. ಅಂದಿನಿಂದ ತೆಳು ಉಕ್ಕಿನ ಕೆಲಸದಲ್ಲಿ ಆ ಮನೆಗೆ ಅಜ್ಜಿಯೇ ಮೇಸ್ತ್ರಿ. ಹಾಳೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಚಿಕ್ಕ ಮಕ್ಕಳ ಕೈಗೆ ಇದು ಬೇಡ. ತೆವಳುವ ಕೂಸಿರುವ ಮನೆಯಲ್ಲಿ ನಟ್ಟುಗಳ ಹರಿವಾಣವೂ ನೆಲಕ್ಕೆ ಇಳಿಯಬಾರದು.

ಆ ಎಂಜಿನು ಈಗ ದೇವರ ಕೋಣೆಯ ಪಕ್ಕದ ಗೂಡಿನಲ್ಲಿದೆ. ಕೊಡಗಿನಲ್ಲಿ ಇಂದಿಗೂ ರೈಲು ಹಳಿ ಇಲ್ಲ. ರೈಲು ಹತ್ತಬೇಕೆಂದರೆ ಮೈಸೂರಿಗೋ ಮಂಗಳೂರಿಗೋ ತಲಶ್ಶೇರಿಗೋ ಇಳಿಯಬೇಕು. ನೆಂಟರು ಬಂದರೆ ಹುಡುಗ ಮೊದಲು ಅದನ್ನೇ ತಂದು ತೋರಿಸುತ್ತಾನೆ. ‘ನಮ್ಮ ಜಿಲ್ಲೆಯ ರೈಲು’ ಅನ್ನುತ್ತಾನೆ, ಬಹಳ ಹೆಮ್ಮೆಯಿಂದ.

ವಿಮಾನದ ಹುಚ್ಚು ಹತ್ತಿದ್ದು ಮಡಿಕೇರಿಗೆ ಹೋದ ಒಂದು ದಿನ. ಊರಿನ ವೃತ್ತದಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆ ಇದೆ. ಬಸ್ಸಿಗೆ ಕಾಯುತ್ತ ಅಜ್ಜ ಅವರ ಕತೆ ಹೇಳಿದರಂತೆ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಾಕಿಸ್ತಾನದ ಸರ್ಗೋಧ ವಾಯುನೆಲೆಯ ಮೇಲೆ ದಾಳಿಗೆ ಹೊರಟ ತಂಡದಲ್ಲಿ ದೇವಯ್ಯ ಇದ್ದದ್ದು ಮೀಸಲು ಪೈಲಟ್ ಆಗಿ. ಒಂದು ವಿಮಾನ ಹಿಂದೆ ಉಳಿದಾಗ ಅದರ ಜಾಗಕ್ಕೆ ಇವರು ಸೇರಿಕೊಂಡರು. ಅವರದು ಫ್ರಾನ್ಸಿನ ಮಿಸ್ಟೇರ್. ಬೆನ್ನಟ್ಟಿ ಬಂದದ್ದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್. ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದಿದ್ದರೂ ದೇವಯ್ಯ ಅದನ್ನು ಹೊಡೆದು ಉರುಳಿಸಿದರು. ಹಿಂದಿರುಗಲಿಲ್ಲ. ಅಲ್ಲಿ ನಡೆದದ್ದು ಇಲ್ಲಿಗೆ ತಿಳಿಯಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ಮೇಲೆ.

ಮನೆಗೆ ಬಂದ ಹುಡುಗನಿಗೆ ಮಿಸ್ಟೇರ್ ಬೇಕು. ಎಲ್ಲ ಕಡೆ ವಿಚಾರಿಸಿದೆ, ಲೋಹದ ಪೆಟ್ಟಿಗೆಯಲ್ಲಿ ನನಗೆ ಅದು ಸಿಗಲಿಲ್ಲ. ಹಾಗಾದರೆ ನಾವೇ ಮಾಡುವುದು ಎಂದಾಯಿತು. ಒಂದು ಚಿತ್ರ ಮುಂದಿಟ್ಟುಕೊಂಡು ಕೂತರು. ರೆಕ್ಕೆ ನೇರ ಅಲ್ಲ, ಹಿಂದಕ್ಕೆ ಬಾಗಿದೆ. ಮೂತಿಯಲ್ಲಿ ಗಾಳಿ ನುಗ್ಗುವ ದುಂಡು ಬಾಯಿ. ಪಟ್ಟಿಯ ತೂತುಗಳು ನೇರ ಮೂಲೆಗೆ ಒಗ್ಗುತ್ತವೆ, ಓರೆಗೆ ಸುಲಭಕ್ಕೆ ಒಗ್ಗುವುದಿಲ್ಲ. ರೆಕ್ಕೆಯನ್ನು ಒಂದೇ ಬೋಲ್ಟಿನ ಮೇಲೆ ತಿರುಗಿಸಿ, ಬೇಕಾದ ಓರೆಯಲ್ಲಿ ಇನ್ನೊಂದು ಪಟ್ಟಿಯ ಯಾವ ತೂತು ಕೂಡಿಬರುತ್ತದೆಂದು ಎರಡು ಸಂಜೆ ಹುಡುಕಿದರು. ಮೂತಿಗೆ ಗಾಲಿಯ ಬಳೆ ಹಾಕಿದರು. ದೂರದಿಂದ ನೋಡಿದರೆ ಯಾವ ವಿಮಾನವೆಂದು ಹೇಳುವುದು ಕಷ್ಟ. ಅಜ್ಜ ಮಾತ್ರ ಅದನ್ನು ಕೈಯಲ್ಲೆತ್ತಿ ರೆಕ್ಕೆಯ ಓರೆಯನ್ನು ಕಣ್ಣಳತೆಯಲ್ಲಿ ನೋಡಿ, ‘ಸರಿಯಾಗಿದೆ’ ಎಂದರು. ಅವರು ಸುಮ್ಮನೆ ಹೊಗಳುವವರಲ್ಲ.

ಸೆಪ್ಟೆಂಬರ್ ಮೊದಲ ವಾರ ಕೈಲ್ ಮುಹೂರ್ತ. ನಾಟಿಯ ದಿನಗಳಲ್ಲಿ ಮುಟ್ಟದೆ ಇಟ್ಟ ಕೋವಿ, ಕತ್ತಿಗಳನ್ನು ತೊಳೆದು ಒರೆಸಿ ಪೂಜಿಸುವ ಹಬ್ಬ. ತೋಕ್ ಪೂ ಎಂದು ಇಲ್ಲಿನವರು ಕರೆಯುವ ಕೆಂಪು ಹಳದಿಯ ಹೂವನ್ನು ಕೋವಿಗೆ ಮುಡಿಸುತ್ತಾರೆ. ನೇಗಿಲು, ನೊಗಕ್ಕೂ ಅಂದು ಗಂಧ. ಅಜ್ಜ ತಮ್ಮ ಸ್ಪ್ಯಾನರ್ ಸೆಟ್ಟನ್ನೂ ಇಡುವುದು ರೂಢಿ. ಕಳೆದ ವರ್ಷ ಅದರ ಬದಿಗೆ ಕಿರುಬೆರಳುದ್ದದ ತಗಡಿನ ಸ್ಪ್ಯಾನರೂ ಇತ್ತು. ಯಾರು ಇಟ್ಟರೆಂದು ಯಾರೂ ಕೇಳಲಿಲ್ಲ. ಅಜ್ಜಿ ಅದಕ್ಕೂ ಒಂದು ಬೊಟ್ಟು ಗಂಧ ಹಚ್ಚಿ ಕಡಂಬುಟ್ಟು ಬೇಯಿಸಲು ಒಳಗೆ ಹೋದರು.

ಅಲ್ಲಿಂದ ಮುಂದೆ ಮಡಿಕೇರಿಯಲ್ಲಿ ಯಾರ ಬಾಯಲ್ಲೂ ದಸರೆಯದೇ ಮಾತು. ಹತ್ತು ದೇವಾಲಯಗಳಿಂದ ಹತ್ತು ಮಂಟಪಗಳು. ವಿಜಯದಶಮಿಯ ರಾತ್ರಿ ಪೇಟೆ ಶ್ರೀರಾಮಮಂದಿರದ ಮಂಟಪ ಮುಂದಾಗಿ ಹೊರಡುತ್ತದೆ, ಬೆಳಕು ಹರಿಯುವವರೆಗೆ ಊರಿಗೆ ನಿದ್ದೆಯಿಲ್ಲ. ಟ್ರ್ಯಾಕ್ಟರುಗಳ ಮೇಲೆ ಕೂತ ಆ ಮಂಟಪಗಳಲ್ಲಿ ಮೂರ್ತಿಗಳು ಸುಮ್ಮನೆ ನಿಂತಿರುವುದಿಲ್ಲ. ಅಸುರ ಏಳುತ್ತಾನೆ, ಗದೆ ಎತ್ತುತ್ತಾನೆ, ಕಣ್ಣು ಹೊರಳಿಸುತ್ತಾನೆ. ದೇವಿ ಮೇಲಿನಿಂದ ಇಳಿದು ಬರುತ್ತಾಳೆ. ಅದಕ್ಕಾಗಿ ಊರಿನ ಹುಡುಗರು ವಾರಗಟ್ಟಲೆ ಶೆಡ್ಡುಗಳಲ್ಲಿ ನಿದ್ದೆಗೆಡುತ್ತಾರೆ. ವೆಲ್ಡಿಂಗಿನ ನೀಲಿ ಮಿಂಚು, ಗ್ರೈಂಡರಿನ ಕಿಡಿ, ಕಬ್ಬಿಣದ ಚೌಕಟ್ಟು, ಅದರ ಮೇಲೆ ಬಟ್ಟೆ, ಬಣ್ಣ. ಭಾವ ಪ್ರತಿವರ್ಷ ಅಂಥ ಒಂದು ಶೆಡ್ಡಿಗೆ ಹೋಗಿ ಕೈ ಸೇರಿಸುತ್ತಾರೆ. ಮನೆಗೆ ಬಂದಾಗ ಅಂಗಿಯಲ್ಲಿ ಕಿಡಿ ಬಿದ್ದ ಸಣ್ಣ ತೂತುಗಳು.

ದಸರೆಯ ದಿನಗಳಲ್ಲಿ ಗಾಂಧಿ ಮೈದಾನದಲ್ಲಿ ಮಕ್ಕಳ ದಸರಾ ನಡೆಯುತ್ತದೆ. ಮಕ್ಕಳ ಸಂತೆ, ವೇಷ, ಜೊತೆಗೆ ಮಕ್ಕಳ ಮಂಟಪ: ದೊಡ್ಡವರ ಮಂಟಪಗಳ ಪುಟ್ಟ ರೂಪಗಳನ್ನು ಮಕ್ಕಳೇ ಕಟ್ಟಿ ತರುವುದು. ನಮ್ಮ ಇಬ್ಬರೂ ಮಹಿಷಾಸುರನನ್ನು ಆರಿಸಿಕೊಂಡರು. ಖಡ್ಗ ಹಿಡಿದ ಅವನ ಕೈ ಏಳಬೇಕು, ಇಳಿಯಬೇಕು.

ಬ್ಯಾಟರಿಯ ಮೋಟಾರು ಇತ್ತು. ಆದರೆ ಮೋಟಾರು ಸುತ್ತುತ್ತದೆ. ಕೈ ಸುತ್ತಬಾರದು, ಏರಿಳಿಯಬೇಕು. ಇದೇ ಕಗ್ಗಂಟು. ಭಾವ ಹೇಳಿಕೊಡಲು ಬಾಯಿ ತೆರೆದರು, ಅಜ್ಜ ಕಣ್ಣಲ್ಲೇ ತಡೆದರು. ಮರುದಿನ ಹಳೆಯ ಕಾರಿನ ವೈಪರ್ ಮೇಲಿನ ಕವರು ಬಿಚ್ಚಿ ಹುಡುಗನನ್ನು ಕರೆದರು. ಒಳಗೆ ಮೋಟಾರಿನ ತುದಿಯಲ್ಲಿ ಒಂದು ಗಿಡ್ಡ ತೋಳು ಸುತ್ತುತ್ತಿದೆ. ಅದಕ್ಕೆ ಸಿಕ್ಕಿಸಿದ ಉದ್ದ ಸರಳು ಹಿಂದೆ ಮುಂದೆ ಹೋಗುತ್ತಿದೆ. ಗಾಜಿನ ಮೇಲೆ ವೈಪರು ಎಡಕ್ಕೆ ಬಲಕ್ಕೆ ಆಡುತ್ತಿದೆ. ಸೋನೆ ಬೀಳುತ್ತಿತ್ತು. ಹುಡುಗ ಕೊಡೆ ಹಿಡಿಯುವುದನ್ನೂ ಮರೆತು ನೋಡುತ್ತ ನಿಂತ.

ಗಾಲಿಯ ಅಂಚಿಗೆ ಒಂದು ಬೋಲ್ಟು. ಅಲ್ಲಿಂದ ಏಳು ತೂತಿನ ಪಟ್ಟಿ. ಅದರ ಇನ್ನೊಂದು ತುದಿ ಅಸುರನ ಹನ್ನೊಂದು ತೂತಿನ ತೋಳಿಗೆ, ಭುಜದಿಂದ ಮೂರನೆಯ ತೂತಿಗೆ. ಗಾಲಿ ಸುತ್ತಿತು, ತೋಳು ಎದ್ದಿತು. ಮನೆಯೆಲ್ಲ ಕೂಗಿಕೊಂಡಿತು. ನಾಲ್ಕನೆಯ ಸುತ್ತಿಗೆ ಭುಜದ ನಟ್ಟು ಕಳಚಿ ತೋಳು ಬಿತ್ತು. ಬಿಗಿದರೆ ತೋಳು ಆಡುವುದಿಲ್ಲ, ಸಡಿಲ ಬಿಟ್ಟರೆ ನಟ್ಟು ನಿಲ್ಲುವುದಿಲ್ಲ. ಆಗ ಅಜ್ಜ ಚೆಕ್‌ನಟ್ ತೋರಿಸಿದರು: ತೋಳಿಗೆ ಆಡಲು ಒಂದಿಷ್ಟು ಜಾಗ ಬಿಟ್ಟು ಒಂದು ನಟ್ಟು, ಅದರ ಬೆನ್ನಿಗೆ ಇನ್ನೊಂದು ನಟ್ಟು, ಎರಡನ್ನೂ ಒಂದಕ್ಕೊಂದು ಎದುರಾಗಿ ಬಿಗಿಯುವುದು. ಎರಡೂ ಒಂದನ್ನೊಂದು ಹಿಡಿದು ನಿಲ್ಲುತ್ತವೆ, ತೋಳು ಮಾತ್ರ ಹಾಯಾಗಿ ಆಡುತ್ತದೆ. ಆಮೇಲೆ ವೇಗದ ಸಮಸ್ಯೆ. ಅಸುರ ನೊಣ ಓಡಿಸುವವನಂತೆ ಕೈ ಬೀಸುತ್ತಿದ್ದ. ಮೋಟಾರಿಗೆ ಚಿಕ್ಕ ಗಾಲಿ, ಅದರಿಂದ ರಬ್ಬರ್ ಬ್ಯಾಂಡಿನಲ್ಲಿ ನಾಲ್ಕು ಪಟ್ಟು ಅಗಲದ ದೊಡ್ಡ ಗಾಲಿ. ಚಿಕ್ಕದು ನಾಲ್ಕು ಸುತ್ತಿದರೆ ದೊಡ್ಡದು ಒಂದು ಸುತ್ತು. ಈಗ ಖಡ್ಗ ನಿಧಾನಕ್ಕೆ, ಗಂಭೀರವಾಗಿ ಎದ್ದಿತು. ಕೊನೆಗೆ ಅಜ್ಜ ದೊಡ್ಡ ಗಾಲಿಯ ಸರಳಿಗೆ ಹಿಂದುಗಡೆ ಒಂದು ಹಿಡಿ ಸೇರಿಸಿದರು, ಕೈಯಲ್ಲೂ ತಿರುಗಿಸಬಹುದಾದ ಹಾಗೆ. ಮೋಟಾರು ಇರುವಾಗ ಅದೇಕೆ ಎಂದು ಹುಡುಗನಿಗೆ ಕೊಂಚ ಬೇಸರ. ‘ಇರಲಿ’ ಎಂದರು.

ಚೌಕಟ್ಟಿಗೆ ಅಕ್ಕ ಹಳೆಯ ಸೀರೆಯ ಜರಿ ಹೊಲಿದಳು. ಅಸುರನ ಮುಖ ರಟ್ಟಿನದು, ಬಣ್ಣ ಹುಡುಗಿಯದು, ಮೀಸೆ ಅಜ್ಜಿಯದು. ತೋಳಿಗೆ ಹಚ್ಚಿದ ಕೆಂಪು ಬಣ್ಣ ತೇವಕ್ಕೆ ಎರಡು ದಿನ ಒಣಗಲೇ ಇಲ್ಲ. ಒಲೆಯ ಬಳಿ ಇಟ್ಟು ಒಣಗಿಸಿದರು.

ಗಾಂಧಿ ಮೈದಾನದಲ್ಲಿ ಅಂದು ಹಿಂಗಾರಿನ ಒಂದು ಹನಿಮಳೆ ಬಂದು ಹೋಗಿತ್ತು. ಸಾಲಾಗಿ ನಿಂತ ಮಕ್ಕಳ ಮಂಟಪಗಳು, ಹಿಂದೆ ಬೆವರೊರೆಸಿಕೊಳ್ಳುವ ಅಪ್ಪಂದಿರು, ಅಮ್ಮಂದಿರು, ಬ್ಯಾಟರಿ ಹಿಡಿದ ಚಿಕ್ಕಪ್ಪಂದಿರು. ನಮ್ಮದರ ಸರದಿ ಬಂತು. ಖಡ್ಗ ಮೂರು ಸಲ ಎದ್ದಿತು. ನಾಲ್ಕನೆಯ ಸಲ ಅರ್ಧದಲ್ಲೇ ನಿಂತಿತು. ಒದ್ದೆಯಾದ ರಬ್ಬರ್ ಬ್ಯಾಂಡು ಜಾರಿ ಗಾಲಿಯಿಂದ ಕಳಚಿಕೊಂಡಿತ್ತು. ನನ್ನ ಎದೆ ಧಸಕ್ಕೆಂದಿತು. ಹುಡುಗ ಅಜ್ಜನ ಮುಖವನ್ನೂ ನೋಡಲಿಲ್ಲ, ಜರಿಯ ಪರದೆಯ ಹಿಂದೆ ನುಸುಳಿ ಹಿಡಿ ಹಿಡಿದು ತಿರುಗಿಸತೊಡಗಿದ. ಖಡ್ಗ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಮುಂದೆ ನಿಂತ ಜನಕ್ಕೆ ಏನೂ ತಿಳಿಯಲಿಲ್ಲ. ಬಹುಮಾನ ಬೇರೆ ಮಕ್ಕಳಿಗೆ ಬಂತು, ಅವರದು ನಿಜಕ್ಕೂ ಚೆನ್ನಾಗಿತ್ತು.

ವಿಜಯದಶಮಿಯ ರಾತ್ರಿ ದೊಡ್ಡ ಮಂಟಪಗಳ ನಡುವೆ ನಾವೆಲ್ಲ ಚಳಿಯಲ್ಲಿ ನಿಂತಿದ್ದೆವು. ಹೊಗೆ, ಬಣ್ಣದ ಬೆಳಕು, ಎದೆಗೆ ಬಡಿಯುವ ಸದ್ದು. ಹತ್ತಾರು ಅಡಿ ಎತ್ತರದಲ್ಲಿ ಒಬ್ಬ ಅಸುರ ತೋಳೆತ್ತಿದ. ಸುತ್ತಲಿನವರೆಲ್ಲ ಅವನ ಮುಖ ನೋಡುತ್ತಿದ್ದರು. ಭಾವನ ಹೆಗಲ ಮೇಲೆ ಕೂತ ಹುಡುಗ ಬಗ್ಗಿ ಬಗ್ಗಿ ಭುಜದ ಸಂದಿಯನ್ನೇ ನೋಡುತ್ತಿದ್ದ. ‘ಚೆಕ್‌ನಟ್ ಹಾಕಿದ್ದಾರಾ ಅಪ್ಪಾ?’ ಎಂದು ಕಿವಿಯಲ್ಲಿ ಕೂಗಿದ. ಭಾವ ಹೌದೆಂದು ತಲೆಯಾಡಿಸಿದರು.

ಹಬ್ಬ ಕಳೆದ ಭಾನುವಾರ ಹರಿವಾಣ ಮತ್ತೆ ಮೇಜಿಗೆ ಬಂತು. ಜರಿ ಬಿಚ್ಚಿ ಅಕ್ಕ ಮಡಿಸಿಟ್ಟಳು. ರಟ್ಟಿನ ಮುಖ ಗೋಡೆಯ ಮೊಳೆಗೆ ಏರಿತು. ಅಜ್ಜ ನಟ್ಟು ಎಣಿಸುತ್ತ ಕೂತರು, ಒಂದು ಕಡಿಮೆ ಬಂತು, ಮತ್ತೆ ಎಣಿಸಿದರು. ಅದು ಅವರ ಅಂಗಿಯ ಜೇಬಿನಲ್ಲೇ ಸಿಕ್ಕಿತು. ಹುಡುಗ ಭುಜದ ಎರಡು ನಟ್ಟುಗಳನ್ನು ಒಂದಕ್ಕೊಂದು ಎದುರಾಗಿ ತಿರುಗಿಸಿ ಸಡಿಲಿಸಿ ತೋಳನ್ನು ಕಳಚಿದ. ಹನ್ನೊಂದು ತೂತಿನ ಪಟ್ಟಿ. ನಡುವಿನ ತೂತಿನ ಸುತ್ತ ಅಸುರನ ಕೆಂಪು ಬಣ್ಣ ಹಾಗೇ ಉಳಿದಿತ್ತು. ಅಜ್ಜಿ ಎಣ್ಣೆಬಟ್ಟೆ ಹಿಡಿದು ಅದನ್ನು ಉಗುರಿನಿಂದ ಕೆರೆಯಲು ಹೋದರು.

‘ಅಜ್ಜಿ, ಅದು ಇರಲಿ’ ಎಂದಳು ಹುಡುಗಿ.

ಅಜ್ಜಿ ಅದನ್ನು ಹಾಗೇ ಒರೆಸಿ, ಉಳಿದ ಹನ್ನೊಂದರ ಪಟ್ಟಿಗಳ ಜೊತೆಗೆ ಟ್ರಂಕಿನಲ್ಲಿ ಇಟ್ಟರು.